ಕ್ವೀನ್ ಮೇರಿಗೆ 12 ಇಂಚಿನ ಕವಚ ಇದ್ದಿದ್ದರೆ ಜಟ್‌ಲ್ಯಾಂಡ್ ಕದನ ಬೇರೆಯಾಗುತ್ತಿತ್ತಾ?

ಪ್ರಶ್ನೆ: ನಾನು ಕಂಪ್ಯೂಟರಿನಲ್ಲಿ ನೌಕಾಯುದ್ಧದ ಆಟ ಆಡುತ್ತೇನೆ. 1916ರ ಜಟ್‌ಲ್ಯಾಂಡ್ ಕದನದಲ್ಲಿ ಬ್ರಿಟಿಷರ ಮೂರು ಬ್ಯಾಟಲ್‌ಕ್ರೂಸರ್‌ಗಳು (ದೊಡ್ಡ ಫಿರಂಗಿಯ, ವೇಗದ ಯುದ್ಧಹಡಗುಗಳು) ಸಿಡಿದು ಮುಳುಗಿದವು. ಕವಚ ತೆಳ್ಳಗಿತ್ತು, ಅದಕ್ಕೇ ಹೀಗಾಯಿತು ಅಂತ ಎಲ್ಲ ಕಡೆ ಓದಿದ್ದೇನೆ. ಆಟದಲ್ಲಿ ಈ ಹಡಗುಗಳಿಗೆ 12 ಇಂಚಿನ ಕವಚ ಕೊಟ್ಟರೆ ಬ್ರಿಟಿಷರು ಪ್ರತಿಸಲ ಸುಲಭವಾಗಿ ಗೆಲ್ಲುತ್ತಾರೆ. ನಿಜದಲ್ಲೂ ಹಾಗೇ ಆಗುತ್ತಿತ್ತಾ? ಯುದ್ಧದ ಫಲಿತಾಂಶವೇ ಬದಲಾಗುತ್ತಿತ್ತಾ?

ಉತ್ತರ: ಕವಚ ದಪ್ಪ ಮಾಡಿದ್ದರೆ ಸ್ವಲ್ಪ ಲಾಭ ಆಗುತ್ತಿತ್ತು. ಆದರೆ ಆ ಮೂರು ಹಡಗುಗಳ ರೋಗ ಕವಚದಲ್ಲಿ ಇರಲಿಲ್ಲ. ಫಿರಂಗಿಯ ಸಿಡಿಮದ್ದಿನಲ್ಲಿತ್ತು, ಆ ಮದ್ದನ್ನು ಇಟ್ಟುಕೊಂಡ ರೀತಿಯಲ್ಲಿತ್ತು. ಇನ್ನೂ ಹೇಳಬೇಕೆಂದರೆ, ಒಂದು ಪೈಸೆಯ ಉಕ್ಕು ಸೇರಿಸದೆ, ಬರೀ ಮದ್ದಿನ ಮನೆಯ ಬಾಗಿಲು ಮುಚ್ಚಿಟ್ಟುಕೊಂಡಿದ್ದರೆ ಆ ದಿನ ಸಾವಿರಾರು ಜನ ಬದುಕುತ್ತಿದ್ದರು. ಹೀಗೆ ಯಾಕೆ ಹೇಳುತ್ತಿದ್ದೇನೆ ಅಂತ ಬಿಡಿಸಿ ಹೇಳುತ್ತೇನೆ.

ಮೊದಲು ಆ ಮಧ್ಯಾಹ್ನದ ಕಥೆ. 1916ರ ಮೇ 31. ಡೆನ್ಮಾರ್ಕಿನ ಪಶ್ಚಿಮಕ್ಕೆ ಉತ್ತರ ಸಮುದ್ರ. ಬ್ರಿಟಿಷರ 151 ಹಡಗು, ಜರ್ಮನರ 99 ಹಡಗು. ಬ್ರಿಟಿಷರ ದೊಡ್ಡ ಪಡೆಗೆ ಅಡ್ಮಿರಲ್ ಜೆಲ್ಲಿಕೋ ಮುಖ್ಯಸ್ಥ, ಅದರ ಮುಂದೆ ಓಡುವ ಬ್ಯಾಟಲ್‌ಕ್ರೂಸರ್ ಪಡೆಗೆ ಬೀಟಿ. ಆ ಕಡೆ ಜರ್ಮನ್ ಪಡೆಗೆ ಶೇರ್, ಅದರ ಬ್ಯಾಟಲ್‌ಕ್ರೂಸರ್‌ಗಳಿಗೆ ಹಿಪ್ಪರ್. ಮಧ್ಯಾಹ್ನ 3:48ಕ್ಕೆ ಬೀಟಿಯ ಆರು ಮತ್ತು ಹಿಪ್ಪರನ ಐದು ಬ್ಯಾಟಲ್‌ಕ್ರೂಸರ್‌ಗಳು ಗುಂಡು ಹಾರಿಸಲು ಶುರು ಮಾಡಿದವು. ಸುಮಾರು ಕಾಲು ಗಂಟೆಯಲ್ಲಿ ಇಂಡಿಫ್ಯಾಟಿಗಬಲ್ ಸಿಡಿಯಿತು. ಅದರಲ್ಲಿದ್ದ ಸಾವಿರಕ್ಕೂ ಹೆಚ್ಚು ಜನರಲ್ಲಿ ಬದುಕಿದವರು ಬೆರಳೆಣಿಕೆಯಷ್ಟು. 4:26ಕ್ಕೆ ಕ್ವೀನ್ ಮೇರಿ ಸಿಡಿಯಿತು, 1,266 ಜನ ಸತ್ತರು. ಸಂಜೆ ಆರೂವರೆ ದಾಟಿದಾಗ ಇನ್‌ವಿನ್ಸಿಬಲ್ ಎರಡು ತುಂಡಾಯಿತು. ಬದುಕಿದವರು ಆರು ಜನ. 'ಇವತ್ತು ನಮ್ಮ ಹಡಗುಗಳಿಗೆ ಏನೋ ಆಗಿದೆ' ಎಂದು ಬೀಟಿ ತನ್ನ ಕ್ಯಾಪ್ಟನ್‌ಗೆ ಹೇಳಿದ ಮಾತು ತುಂಬ ಪ್ರಸಿದ್ಧ.

ಕವಚವೇ ಕಾರಣ ಅನ್ನುವವರ ವಾದ ಸುಳ್ಳಲ್ಲ. ಇನ್‌ವಿನ್ಸಿಬಲ್, ಇಂಡಿಫ್ಯಾಟಿಗಬಲ್ ಎರಡಕ್ಕೂ ಪಕ್ಕದ ಕವಚ ಬರೀ 6 ಇಂಚು. ಕ್ವೀನ್ ಮೇರಿಗೆ 9 ಇಂಚು. ಜರ್ಮನರ ಸೈಡ್ಲಿಟ್ಸ್‌ಗೆ 300 ಮಿಲಿಮೀಟರ್, ಅಂದರೆ ಹೆಚ್ಚು ಕಡಿಮೆ 12 ಇಂಚು. ಬ್ರಿಟಿಷರ ಅಡ್ಮಿರಲ್ ಫಿಶರ್ ಈ ಜಾತಿಯ ಹಡಗನ್ನು ಕಟ್ಟಿಸಿದಾಗ ವೇಗವೇ ರಕ್ಷಣೆ ಎಂದು ನಂಬಿದ್ದರು. ದೊಡ್ಡ ಫಿರಂಗಿ ಇರಲಿ, ವೇಗ ಇರಲಿ, ತೂಕ ಉಳಿಸಲು ಕವಚ ಕಡಿಮೆ ಆದರೂ ಪರವಾಗಿಲ್ಲ ಅನ್ನುವ ಲೆಕ್ಕ.

ಜರ್ಮನರ ಲೆಕ್ಕ ಬೇರೆ. ಸೈಡ್ಲಿಟ್ಸ್ ಸುಮಾರು 25,000 ಟನ್ನಿನ ಹಡಗು, ಕ್ವೀನ್ ಮೇರಿ ಅದಕ್ಕಿಂತ ತುಸು ದೊಡ್ಡದು. ತೂಕ ಹತ್ತಿರ ಹತ್ತಿರ. ಆದರೆ ಕ್ವೀನ್ ಮೇರಿಯ 13.5 ಇಂಚಿನ ಫಿರಂಗಿಯ ಒಂದು ಗುಂಡು ಸುಮಾರು 635 ಕಿಲೊ, ಸೈಡ್ಲಿಟ್ಸ್‌ನ 28 ಸೆಂಟಿಮೀಟರ್ ಫಿರಂಗಿಯ ಗುಂಡು ಸುಮಾರು 300 ಕಿಲೊ. ಜರ್ಮನ್ ವಿನ್ಯಾಸಕರು ಫಿರಂಗಿಯಲ್ಲಿ ಉಳಿಸಿದ ತೂಕವನ್ನು ಕವಚಕ್ಕೆ ಹಾಕಿದರು. ಇದನ್ನು ನಿಮ್ಮ ಆಟ ಮುಚ್ಚಿಡುತ್ತದೆ. ಆಟದಲ್ಲಿ ಒಂದು ಅಂಕಿ ಬದಲಿಸಿದರೆ ಕವಚ ಬಂದುಬಿಡುತ್ತದೆ. ನಿಜವಾದ ಹಡಗಿನಲ್ಲಿ ಪಕ್ಕದ ಕವಚಕ್ಕೆ 3 ಇಂಚು ಸೇರಿಸಿದರೆ ಪ್ರತಿ ಚದರ ಮೀಟರಿಗೆ ಸುಮಾರು 600 ಕಿಲೊ ಜಾಸ್ತಿ. 110 ಮೀಟರ್ ಉದ್ದ, ಮೂರೂವರೆ ಮೀಟರ್ ಎತ್ತರದ ಪಟ್ಟಿ ಅಂತ ಇಟ್ಟುಕೊಳ್ಳಿ. ಎರಡೂ ಪಕ್ಕ ಸೇರಿ 460 ಟನ್. ಟರೆಟ್‌ಗಳಿಗೂ (ಫಿರಂಗಿ ಕೂರಿಸಿದ ತಿರುಗುವ ಪೆಟ್ಟಿಗೆಗಳು) ಅವುಗಳ ಕೆಳಗಿನ ಕವಚದ ಕೊಳವೆಗಳಿಗೂ ಸೇರಿಸಿದರೆ ಇನ್ನೂ ಎಷ್ಟೋ ನೂರು ಟನ್. ಆಗ ಹಡಗು ನೀರಿನಲ್ಲಿ ಕೆಳಗೆ ಕೂರುತ್ತದೆ. ಕೆಳಗೆ ಕೂತರೆ ಪಕ್ಕದ ಕವಚದ ಹೆಚ್ಚಿನ ಪಾಲು ನೀರಿನೊಳಗೆ ಹೋಗುತ್ತದೆ, ವೇಗ ಇಳಿಯುತ್ತದೆ. ವೇಗ ಉಳಿಸಿಕೊಳ್ಳಲು ಬಾಯ್ಲರ್ ಸೇರಿಸಬೇಕು, ಅದಕ್ಕೆ ಹಡಗು ಉದ್ದ ಮಾಡಬೇಕು, ಉದ್ದವಾದ ಹಡಗಿಗೆ ಮತ್ತೆ ಕವಚ ಬೇಕು. ಕೊನೆಗೆ ನಿಮ್ಮ ಕೈಯಲ್ಲಿ ಉಳಿಯುವುದು ಕ್ವೀನ್ ಮೇರಿ ಅಲ್ಲ, ಬೇರೆಯೇ ಹಡಗು.

ಈಗ ಮುಖ್ಯ ವಿಷಯಕ್ಕೆ ಬರೋಣ. ದೊಡ್ಡ ಫಿರಂಗಿಯ ಟರೆಟ್ ಅಂದರೆ ಮೇಲೆ ಕಾಣುವ ಪೆಟ್ಟಿಗೆ ಮಾತ್ರ ಅಲ್ಲ. ಅದರ ಕೆಳಗೆ ಹಡಗಿನ ತಳದವರೆಗೆ ಇಳಿಯುವ ಕೊಳವೆ ಇದೆ. ತಳದಲ್ಲಿ ಗುಂಡಿನ ಕೋಣೆ, ಮದ್ದಿನ ಮನೆ. ಅಲ್ಲಿಂದ ಲಿಫ್ಟಿನಲ್ಲಿ ಗುಂಡು ಮತ್ತು ಮದ್ದಿನ ಚೀಲ ಮೇಲೆ ಬರುತ್ತವೆ. ಟರೆಟ್‌ನಲ್ಲಿ ಬೆಂಕಿ ಹತ್ತಿತು ಅಂದುಕೊಳ್ಳಿ. ದಾರಿಯ ಬಾಗಿಲುಗಳೆಲ್ಲ ತೆರೆದಿದ್ದರೆ ಆ ಕೊಳವೆ ತಲೆಕೆಳಗಾದ ಹೊಗೆಗೂಡು. ಜ್ವಾಲೆ ನೇರವಾಗಿ ಮದ್ದಿನ ಮನೆಗೆ ಇಳಿಯುತ್ತದೆ.

ಬ್ರಿಟಿಷರ ಮದ್ದಿನ ಹೆಸರು ಕಾರ್ಡೈಟ್. ಅದನ್ನು ರೇಷ್ಮೆ ಚೀಲದಲ್ಲಿ ತುಂಬುತ್ತಿದ್ದರು. ಬೇಗ ಹೊತ್ತಿಕೊಳ್ಳಲಿ ಎಂದು ಚೀಲದ ತುದಿಗೆ ಕಪ್ಪು ಮದ್ದು ಸೇರಿಸುತ್ತಿದ್ದರು. ಕಿಡಿ ತಾಗಿದರೆ ಸಾಕು. ಜರ್ಮನರು ಮುಖ್ಯ ಮದ್ದನ್ನು ಹಿತ್ತಾಳೆಯ ಡಬ್ಬಿಯಲ್ಲಿ ಇಡುತ್ತಿದ್ದರು. ಚೀಲದಲ್ಲಿ ಇರುತ್ತಿದ್ದದ್ದು ಮುಂದಿನ ಸಣ್ಣ ಭಾಗ ಮಾತ್ರ. ಅವರ ಮದ್ದು ಬೆಂಕಿ ಬಿದ್ದರೆ ಭುಗಿಲೆಂದು ಉರಿಯುತ್ತಿತ್ತು, ಆದರೆ ಹಡಗನ್ನೇ ಸೀಳುವಂಥ ಸ್ಫೋಟ ಆಗುವುದು ಕಷ್ಟವಿತ್ತು.

ಇದಕ್ಕೆ ಸಾಕ್ಷಿ ಜಟ್‌ಲ್ಯಾಂಡಿಗೂ ಮೊದಲೇ ಸಿಕ್ಕಿತ್ತು. 1915ರ ಜನವರಿ 24ರಂದು ಡಾಗರ್ ಬ್ಯಾಂಕ್ ಕದನ. ಬ್ರಿಟಿಷರ ಲಯನ್ ಹಡಗಿನ ಒಂದು ಗುಂಡು ಸೈಡ್ಲಿಟ್ಸ್‌ನ ಹಿಂದಿನ ಟರೆಟ್‌ನ ಕವಚ ತೂರಿತು. ಒಳಗಿದ್ದ ಮದ್ದು ಹೊತ್ತಿಕೊಂಡಿತು. ಬೆಂಕಿ ಪಕ್ಕದ ಟರೆಟ್‌ಗೂ ಹಬ್ಬಿ ಎರಡೂ ಸುಟ್ಟುಹೋದವು. ಸುಮಾರು 160 ಜನ ಸತ್ತರು. ಆದರೆ ಹಡಗು ಸಿಡಿಯಲಿಲ್ಲ. ವಿಲ್‌ಹೆಲ್ಮ್ ಹೈಡ್‌ಕಾಂಪ್ ಎಂಬ ನಾವಿಕ ಕಾದು ಕೆಂಪಾದ ವಾಲ್ವ್ ತಿರುಗಿಸಿ ಮದ್ದಿನ ಮನೆಗೆ ನೀರು ಬಿಟ್ಟ. ಹಡಗು ಮನೆಗೆ ಮರಳಿತು. ಜರ್ಮನರು ತನಿಖೆ ಮಾಡಿ, ಟರೆಟ್‌ನಲ್ಲಿ ಜಾಸ್ತಿ ಮದ್ದು ಇಟ್ಟುಕೊಳ್ಳದ ಹಾಗೆ ನಿಯಮ ಬಿಗಿ ಮಾಡಿದರು, ಬೆಂಕಿ ಇಳಿಯದ ಹಾಗೆ ತಡೆಗಳನ್ನು ಸೇರಿಸಿದರು.

ಅದೇ ಕದನದಿಂದ ಬ್ರಿಟಿಷರು ಕಲಿತ ಪಾಠ ಪೂರ್ತಿ ಉಲ್ಟಾ. ಗುಂಡು ಸಾಕಷ್ಟು ವೇಗವಾಗಿ ಹಾರಿಸಲಿಲ್ಲ, ಅದಕ್ಕೇ ಶತ್ರು ತಪ್ಪಿಸಿಕೊಂಡ ಅಂತ ಅವರ ತೀರ್ಮಾನ. ಬೀಟಿಯ ಪಡೆ ನೆಲೆಸಿದ್ದ ರೊಸೈತ್‌ನಲ್ಲಿ ಗುರಿ ಅಭ್ಯಾಸಕ್ಕೆ ಸರಿಯಾದ ಅನುಕೂಲ ಇರಲಿಲ್ಲ. ಗುರಿ ಕೆಟ್ಟಿದ್ದನ್ನು ವೇಗದಲ್ಲಿ ತುಂಬಿಕೊಳ್ಳಲು ಹೊರಟರು. ಮದ್ದಿನ ಮನೆಯ ಬಾಗಿಲು ತೆರೆದಿಟ್ಟರು. ಚೀಲಗಳನ್ನು ಮೊದಲೇ ಡಬ್ಬಿಯಿಂದ ತೆಗೆದು ದಾರಿಯಲ್ಲಿ ರಾಶಿ ಹಾಕಿಟ್ಟರು. ಇದನ್ನು ಓದುವಾಗ ನನಗೆ ಈಗಲೂ ಸಿಟ್ಟು ಬರುತ್ತದೆ. ವಿನ್ಯಾಸಕರು ಕಷ್ಟಪಟ್ಟು ಕೊಟ್ಟಿದ್ದ ರಕ್ಷಣೆಯನ್ನು ಹಡಗಿನವರೇ ಕೈಯಾರೆ ತೆಗೆದುಹಾಕಿದ್ದರು.

ಒಂದು ಹಡಗಿನಲ್ಲಿ ಮಾತ್ರ ಹಾಗಾಗಲಿಲ್ಲ. ಬೀಟಿಯದ್ದೇ ಹಡಗು ಲಯನ್. ಅಲ್ಲಿಗೆ ಫಿರಂಗಿ ವಿಭಾಗದ ಹಿರಿಯ ಗನ್ನರ್ ಆಗಿ ಬಂದ ಅಲೆಕ್ಸಾಂಡರ್ ಗ್ರಾಂಟ್ ಈ ಅಭ್ಯಾಸ ನೋಡಿ ಹೌಹಾರಿದರು. ಬೇಕಾದಷ್ಟೇ ಚೀಲ ಹೊರಗೆ ಇರಬೇಕು, ಬಾಗಿಲು ಮುಚ್ಚಿರಬೇಕು ಎಂದು ಹಟ ಹಿಡಿದು ಜಾರಿಗೆ ತಂದರು. ಜಟ್‌ಲ್ಯಾಂಡಿನಲ್ಲಿ 4 ಗಂಟೆಯ ಹೊತ್ತಿಗೆ ಜರ್ಮನರ ಲ್ಯುಟ್ಸೊ ಹಡಗಿನ 12 ಇಂಚಿನ ಗುಂಡು ಲಯನ್‌ನ ನಡುವಿನ ಟರೆಟ್‌ಗೆ ಬಡಿಯಿತು. ಚಾವಣಿ ಹಾರಿಹೋಯಿತು. ಒಳಗಿದ್ದವರು ಹೆಚ್ಚುಕಡಿಮೆ ಎಲ್ಲರೂ ಸತ್ತರು. ಸಾಯುವ ಸ್ಥಿತಿಯಲ್ಲಿದ್ದ ಮೇಜರ್ ಫ್ರಾನ್ಸಿಸ್ ಹಾರ್ವಿ ಮದ್ದಿನ ಮನೆಯ ಬಾಗಿಲು ಮುಚ್ಚಿ ನೀರು ತುಂಬಿಸಲು ಆಜ್ಞೆ ಕೊಟ್ಟರು. ಅವರಿಗೆ ಮರಣೋತ್ತರ ವಿಕ್ಟೋರಿಯಾ ಕ್ರಾಸ್ ಬಂತು. ಆಮೇಲೆ ಉಳಿದ ಚೀಲಗಳಿಗೆ ಬೆಂಕಿ ಹತ್ತಿ ಜ್ವಾಲೆ ಕೊಳವೆಯಲ್ಲಿ ಇಳಿಯಿತು. ಮದ್ದಿನ ಮನೆಯ ಬಾಗಿಲು ಬಗ್ಗುವಷ್ಟು ಒತ್ತಡ ಇತ್ತು. ಆದರೆ ಒಳಗೆ ನೀರು ತುಂಬಿತ್ತು. ಲಯನ್ ಉಳಿಯಿತು. ಅದರ ಕವಚ ಕ್ವೀನ್ ಮೇರಿಯಷ್ಟೇ, 9 ಇಂಚು. ಅಂದರೆ ಕವಚ ಒಂದೇ, ಕದನ ಒಂದೇ, ಗುಂಡು ತೂರಿದ್ದೂ ನಿಜ. ಒಂದು ಸಿಡಿಯಿತು, ಒಂದು ಉಳಿಯಿತು.

ಇನ್ನೂ ಅನುಮಾನ ಇದ್ದರೆ ಕದನವೇ ಇಲ್ಲದೆ ಸಿಡಿದ ಬ್ರಿಟಿಷ್ ಹಡಗುಗಳನ್ನು ನೋಡಿ. 1914ರ ನವೆಂಬರ್‌ನಲ್ಲಿ ಬುಲ್ವರ್ಕ್ ಬಂದರಿನ ಹತ್ತಿರ ಲಂಗರು ಹಾಕಿ ನಿಂತಿದ್ದಾಗ ಸಿಡಿಯಿತು. 1915ರ ಡಿಸೆಂಬರ್‌ನಲ್ಲಿ ನೇಟಾಲ್. 1917ರ ಜುಲೈ 9ರಂದು ಬ್ರಿಟಿಷ್ ನೌಕಾನೆಲೆ ಸ್ಕಾಪಾ ಫ್ಲೋದಲ್ಲಿ ವ್ಯಾನ್‌ಗಾರ್ಡ್, 800ಕ್ಕೂ ಹೆಚ್ಚು ಜನರ ಸಮೇತ. ಅಲ್ಲಿ ಶತ್ರುವೂ ಇಲ್ಲ, ಗುಂಡೂ ಇಲ್ಲ. ಕವಚದ ಮಾತೇ ಬರುವುದಿಲ್ಲ. ಇದ್ದದ್ದು ಕಾರ್ಡೈಟ್.

ದಪ್ಪ ಕವಚದ ಕಡೆಯಿಂದಲೂ ಸಾಕ್ಷಿ ಇದೆ. ಜಟ್‌ಲ್ಯಾಂಡಿನಲ್ಲೇ ಇದ್ದ ಮಲಾಯ ಬ್ರಿಟಿಷರ ಹೊಚ್ಚಹೊಸ ಯುದ್ಧನೌಕೆ, ಪಕ್ಕದ ಕವಚ 13 ಇಂಚು. ಒಂದು ಗುಂಡು ಅದರ 6 ಇಂಚಿನ ಫಿರಂಗಿಗಳ ಸಾಲಿನ ಬಳಿ ಸಿಡಿದು ಅಲ್ಲಿದ್ದ ಕಾರ್ಡೈಟ್‌ಗೆ ಬೆಂಕಿ ಹತ್ತಿಸಿತು. ಆ ಬೆಂಕಿಯಲ್ಲಿ ಹತ್ತಾರು ಜನ ಸತ್ತರು. ಅದಕ್ಕಿಂತ ದೊಡ್ಡ ಉದಾಹರಣೆ ಬ್ರಿಟಿಷರ ಹುಡ್ ಹಡಗು. ನೀವು ಕೇಳಿದ 12 ಇಂಚಿನ ಕವಚವೇ ಅದಕ್ಕಿತ್ತು. ಜಟ್‌ಲ್ಯಾಂಡಿನ ನಂತರ ಅದರ ವಿನ್ಯಾಸಕ್ಕೆ ಹೆಚ್ಚುವರಿ ಉಕ್ಕನ್ನೂ ಸೇರಿಸಿದ್ದರು. 1941ರ ಮೇ 24ರಂದು ಜರ್ಮನರ ಬಿಸ್ಮಾರ್ಕ್ ಹಡಗಿನ ಗುಂಡಿಗೆ ಅದು ಸಿಡಿದು 1,415 ಜನ ಸತ್ತರು, ಮೂರು ಜನ ಉಳಿದರು.

ಇಂಡಿಫ್ಯಾಟಿಗಬಲ್ ವಿಷಯದಲ್ಲಿ ಮಾತ್ರ ಕವಚದ ಪಾಲು ಜಾಸ್ತಿ ಎಂದು ನಾನು ಒಪ್ಪುತ್ತೇನೆ. 6 ಇಂಚಿನ ಪಟ್ಟಿ ಆ ದೂರದಲ್ಲಿ 28 ಸೆಂಟಿಮೀಟರ್ ಗುಂಡನ್ನು ತಡೆಯುವಂಥದ್ದಲ್ಲ. ಹಾಗೆಯೇ ಜರ್ಮನ್ ಹಡಗುಗಳು ಸಿಡಿಯಲೇ ಇಲ್ಲ ಎಂದೂ ತಿಳಿಯಬೇಡಿ. ಹಳೆಯ ಯುದ್ಧನೌಕೆ ಪೊಮೆರ್ನ್ ಬೆಳಗಿನ ಜಾವ ಟಾರ್ಪಿಡೊ ತಗುಲಿ ಸಿಡಿಯಿತು. ಅದರಲ್ಲಿ ಒಬ್ಬರೂ ಉಳಿಯಲಿಲ್ಲ.

ಹಾಗಾದರೆ ಬಾಗಿಲು ಮುಚ್ಚಿದ್ದವು, ಮೂರೂ ಹಡಗು ಸಿಡಿಯಲಿಲ್ಲ ಅಂತ ಇಟ್ಟುಕೊಳ್ಳೋಣ. ಮೊದಲು ಬದಲಾಗುವುದು ಲೆಕ್ಕದ ಪುಸ್ತಕ. ಬ್ರಿಟಿಷರ ಕಡೆ ಸತ್ತವರು 6,094, ಜರ್ಮನರ ಕಡೆ 2,551. ಬ್ರಿಟಿಷರ ಸಾವುಗಳಲ್ಲಿ 3,300ರಷ್ಟು ಈ ಮೂರೇ ಹಡಗಿನವು. ಅವನ್ನು ತೆಗೆದರೆ ಎರಡೂ ಕಡೆ ಹೆಚ್ಚುಕಡಿಮೆ ಸಮ. ಟನ್ ಲೆಕ್ಕ ಇನ್ನೂ ಸ್ವಾರಸ್ಯ. ಬ್ರಿಟಿಷರು ಸುಮಾರು 1,13,000 ಟನ್ ಹಡಗು ಕಳೆದುಕೊಂಡರು, ಜರ್ಮನರು ಸುಮಾರು 62,000 ಟನ್. ಈ ಮೂರು ಹಡಗಿನ ತೂಕ ಸೇರಿಸಿದರೆ ಅದೂ 62,000 ಟನ್ ಆಸುಪಾಸು. ಕಳೆದು ನೋಡಿ, ಬ್ರಿಟಿಷರ ನಷ್ಟವೇ ಕಡಿಮೆ ಆಗುತ್ತದೆ. ಜರ್ಮನ್ ಪತ್ರಿಕೆಗಳು ಗೆಲುವು ಎಂದು ಸಾರಿದ್ದು ಮುಖ್ಯವಾಗಿ ಈ ಮೂರು ಸ್ಫೋಟಗಳ ಬಲದ ಮೇಲೆ. ನೂರು ವರ್ಷ ನಡೆದ ಯಾರು ಗೆದ್ದರು ಅನ್ನುವ ಜಗಳ ಹುಟ್ಟುತ್ತಲೇ ಇರಲಿಲ್ಲ.

ಆದರೆ ಕದನ ಬ್ರಿಟಿಷರ ದೊಡ್ಡ ಗೆಲುವಾಗುತ್ತಿತ್ತಾ? ಇಲ್ಲ. ಮುಳುಗದೆ ಉಳಿಯುವುದು ಬೇರೆ, ಶತ್ರುವನ್ನು ಮುಳುಗಿಸುವುದು ಬೇರೆ. ಮೊದಲ ಒಂದು ಗಂಟೆಯ ಓಟದಲ್ಲಿ ಜರ್ಮನರು ಹೊಡೆದ ದೊಡ್ಡ ಗುಂಡುಗಳು 40ರ ಮೇಲೆ ತಗುಲಿದವು, ಬ್ರಿಟಿಷರದ್ದು ಅದರ ಅರ್ಧವೂ ಇಲ್ಲ. ಬೀಟಿಗೆ ನಾಲ್ಕರ ಬದಲು ಆರು ಹಡಗು ಉಳಿದಿದ್ದರೂ ಹೀಗೆ ಗುರಿ ತಪ್ಪಿದರೆ ಏನು ಪ್ರಯೋಜನ?

ಗುಂಡು ತಗುಲಿದ್ದೂ ಕೆಲಸ ಮಾಡಲಿಲ್ಲ. ಇದು ಕವಚಕ್ಕಿಂತ ದೊಡ್ಡ ವಿಷಯ, ಆದರೆ ಆಟ ಆಡುವವರು ಇದನ್ನು ಗಮನಿಸುವುದೇ ಇಲ್ಲ. ಬ್ರಿಟಿಷರ ಕವಚಭೇದಕ ಗುಂಡು ಓರೆಯಾಗಿ ಬಡಿದರೆ ಒಡೆದುಹೋಗುತ್ತಿತ್ತು. ಒಳಗೆ ತುಂಬಿದ್ದ ಲಿಡೈಟ್ ಎಂಬ ಸ್ಫೋಟಕ ಬಡಿದ ಹೊಡೆತಕ್ಕೇ ಸಿಡಿದುಬಿಡುತ್ತಿತ್ತು. ಕವಚ ತೂರಿ ಒಳಗೆ ಹೋಗಿ ಸಿಡಿಯಬೇಕಾದ್ದು ಹೊರಗೇ ಸಿಡಿಯುತ್ತಿತ್ತು. ದೂರದಿಂದ ಹಾರಿಸಿದ ಗುಂಡು ಓರೆಯಾಗಿಯೇ ಬೀಳುತ್ತದೆ. ಜೆಲ್ಲಿಕೋ 1910ರಲ್ಲೇ, ತಾನು ಬ್ರಿಟಿಷ್ ನೌಕಾಪಡೆಯ ಮುಖ್ಯ ಕಚೇರಿಯಾದ ಅಡ್ಮಿರಾಲ್ಟಿಯಲ್ಲಿ ಇದ್ದಾಗ, ಓರೆ ಹೊಡೆತಕ್ಕೂ ನಿಲ್ಲುವ ಗುಂಡು ಬೇಕು ಎಂದು ಕೇಳಿದ್ದರು. ಅವರು ಸಮುದ್ರಕ್ಕೆ ಮರಳಿದ ಮೇಲೆ ಆ ಕೆಲಸ ಹಿಂದೆ ಬಿತ್ತು. ಸರಿಯಾದ ಹೊಸ ಗುಂಡು ಹಡಗುಗಳಿಗೆ ಬಂದದ್ದು 1918ರಲ್ಲಿ. ಸೈಡ್ಲಿಟ್ಸ್‌ಗೆ 20ಕ್ಕೂ ಹೆಚ್ಚು ದೊಡ್ಡ ಗುಂಡು, ಒಂದು ಟಾರ್ಪಿಡೊ ತಗುಲಿದವು. ಐದು ಸಾವಿರ ಟನ್‌ಗೂ ಜಾಸ್ತಿ ನೀರು ಕುಡಿದು, ಮೂತಿ ನೀರಿಗೆ ಮುಟ್ಟಿಸಿಕೊಂಡು, ಅದು ತೆವಳಿಕೊಂಡು ಮನೆ ಸೇರಿತು. 1918ರ ಗುಂಡು 1916ರಲ್ಲಿ ಇದ್ದಿದ್ದರೆ ಅದು ಮನೆ ಸೇರುತ್ತಿರಲಿಲ್ಲ ಎಂದು ನನ್ನ ಅಭಿಪ್ರಾಯ. ಎರಡು ಹಿಂದಿನ ಟರೆಟ್ ಸುಟ್ಟುಕೊಂಡ ಡೆರ್ಫ್‌ಲಿಂಗರ್ ಕೂಡ.

ಇನ್ನೊಂದು ತಿರುವು ಬೀಟಿಯ ಹಿಂದಿದ್ದ ನಾಲ್ಕು ಹಡಗು. ಬಾರ್ಹಮ್, ವೇಲಿಯಂಟ್, ವಾರ್‌ಸ್ಪೈಟ್, ಮಲಾಯ. 15 ಇಂಚಿನ ಫಿರಂಗಿ, 13 ಇಂಚಿನ ಕವಚ, ಒಳ್ಳೆಯ ವೇಗ. ನೀವು ಕಟ್ಟಬೇಕೆಂದಿದ್ದ ಹಡಗು ಅಲ್ಲೇ ಇತ್ತು! ಬೀಟಿ ಅವನ್ನು ಐದು ಮೈಲಿ ದೂರ ಇರಿಸಿದ್ದ. ಶತ್ರುವಿನ ಕಡೆ ತಿರುಗಿದಾಗ ಬಾವುಟದಲ್ಲಿ ಸಂಕೇತ ಕೊಟ್ಟ, ಹೊಗೆಯಲ್ಲಿ ಅದು ಕಾಣಲಿಲ್ಲ. ಆ ನಾಲ್ಕು ಹಡಗು ಹಿಂದೆ ಬಿದ್ದು ಕದನಕ್ಕೆ ತಡವಾಗಿ ಬಂದವು. ಅವು ಮೊದಲಿಂದ ಜೊತೆಗಿದ್ದಿದ್ದರೆ ಐದರ ಎದುರು ಹತ್ತು ಹಡಗು. ಹಿಪ್ಪರನ ಪಡೆಗೆ ಅದೇ ಮಧ್ಯಾಹ್ನ ದೊಡ್ಡ ಪೆಟ್ಟು ಬೀಳುತ್ತಿತ್ತು.

ಸಂಜೆಯ ಕಥೆ ಬೇರೆ. ಜೆಲ್ಲಿಕೋ ತನ್ನ ಸಾಲನ್ನು ಶೇರ್‌ನ ದಾರಿಗೆ ಅಡ್ಡವಾಗಿ ತಂದು ನಿಲ್ಲಿಸಿದರು. ನೌಕಾಯುದ್ಧದಲ್ಲಿ ಅಡ್ಮಿರಲ್ ಒಬ್ಬ ಕನಸು ಕಾಣುವ ಸ್ಥಾನ ಅದು. ಶೇರ್ ಎಲ್ಲ ಹಡಗನ್ನೂ ಒಮ್ಮೆಗೇ ಹಿಂದಕ್ಕೆ ತಿರುಗಿಸಿ ಹೊಗೆಯಲ್ಲಿ ಮಾಯವಾದ. ಸ್ವಲ್ಪ ಹೊತ್ತಿನಲ್ಲಿ ಮತ್ತೆ ಅದೇ ಬಾಯಿಗೆ ಬಂದು ಬಿದ್ದ. ಎರಡನೇ ಸಲ ತಪ್ಪಿಸಿಕೊಳ್ಳಲು ಟಾರ್ಪಿಡೊ ದೋಣಿಗಳನ್ನು ಮುಂದೆ ಬಿಟ್ಟ. ಜೆಲ್ಲಿಕೋ ಟಾರ್ಪಿಡೊಗೆ ಬೆನ್ನು ಮಾಡಿ ತಿರುಗಿದರು. ಒಂದೂ ತಗುಲಲಿಲ್ಲ, ಆದರೆ ಶೇರ್ ಕೈತಪ್ಪಿದ. ಎದುರಿಗೆ ತಿರುಗಬೇಕಿತ್ತು ಎಂದು ಬೈದವರು ಬಹಳ. ನಾನು ಜೆಲ್ಲಿಕೋ ಪರ. ಟಾರ್ಪಿಡೊ ಮತ್ತು ಮೈನ್ ಭಯದಿಂದ ಹಿಮ್ಮೆಟ್ಟುವ ಶತ್ರುವನ್ನು ಬೆನ್ನಟ್ಟುವುದಿಲ್ಲ ಎಂದು ಅವರು 1914ರ ಅಕ್ಟೋಬರ್‌ನಲ್ಲೇ ಬರೆದು ಒಪ್ಪಿಗೆ ಪಡೆದಿದ್ದರು. ಅವರಿಗೆ ಗೆಲ್ಲುವ ಅಗತ್ಯ ಇರಲಿಲ್ಲ, ಸೋಲದಿದ್ದರೆ ಸಾಕಿತ್ತು. ಜರ್ಮನಿಯ ಸುತ್ತಲಿನ ದಿಗ್ಬಂಧನ ಆ ಪಡೆಯ ಮೇಲೆ ನಿಂತಿತ್ತು.

ನನ್ನ ಲೆಕ್ಕದಲ್ಲಿ ನಿಜವಾಗಿ ಕೈತಪ್ಪಿದ ಅವಕಾಶ ರಾತ್ರಿಯದ್ದು. ಶೇರ್ ಡೆನ್ಮಾರ್ಕ್ ತೀರದ ಹಾರ್ನ್ಸ್ ರೀಫ್ ದಾರಿ ಹಿಡಿದು ಮನೆಗೆ ಹೊರಟಿದ್ದ. ಬೆಳಗ್ಗೆ ಅಲ್ಲಿ ವಾಯುನೌಕೆ ಕಾವಲು ಬೇಕು ಎಂದು ಅವನು ಕಳಿಸಿದ ರೇಡಿಯೊ ಸಂದೇಶವನ್ನು ಲಂಡನ್ನಿನ ಗೂಢಲಿಪಿ ವಿಭಾಗ, ರೂಮ್ 40, ಓದಿತ್ತು. ಅದು ಜೆಲ್ಲಿಕೋಗೆ ತಲುಪಲೇ ಇಲ್ಲ. ಶತ್ರುವಿನ ದಿಕ್ಕು ತಿಳಿಸಿದ ಬೇರೆ ಸಂದೇಶ ಬಂತು. ಆದರೆ ಅದೇ ಮಧ್ಯಾಹ್ನ ಅಡ್ಮಿರಾಲ್ಟಿ, ಶೇರ್ ಇನ್ನೂ ಬಂದರಿನಲ್ಲೇ ಇದ್ದಾನೆ ಎಂದು ತಪ್ಪು ಹೇಳಿತ್ತು. ಹೀಗಾಗಿ ಜೆಲ್ಲಿಕೋ ಅದನ್ನು ನಂಬಲಿಲ್ಲ. ಆ ಒಂದು ಸಂದೇಶ ತಲುಪಿದ್ದರೆ ಜೂನ್ 1ರ ಬೆಳಗ್ಗೆ, ದೀರ್ಘ ಬೇಸಿಗೆಯ ಹಗಲು ಮುಂದಿಟ್ಟುಕೊಂಡು, ಜೆಲ್ಲಿಕೋ ಶೇರ್‌ನ ದಾರಿಯಲ್ಲಿ ಕಾಯುತ್ತಿದ್ದರು.

ಹಾಗೆ ಜರ್ಮನ್ ಪಡೆ ನಾಶವಾಗಿದ್ದರೆ ಮಹಾಯುದ್ಧ ಅಲ್ಲೇ ಮುಗಿಯುತ್ತಿರಲಿಲ್ಲ. ಭೂಮಿಯ ಮೇಲಿನ ಯುದ್ಧ ಹಾಗೇ ಇರುತ್ತಿತ್ತು. ಆದರೆ 1917ರಲ್ಲಿ ದೊಡ್ಡ ವ್ಯತ್ಯಾಸ ಕಾಣುತ್ತಿತ್ತು. ಜಟ್‌ಲ್ಯಾಂಡಿನ ನಂತರ ಶೇರ್ ತನ್ನ ಚಕ್ರವರ್ತಿಗೆ, ದೊಡ್ಡ ಹಡಗುಗಳಿಂದ ಬ್ರಿಟನ್ ಸೋಲುವುದಿಲ್ಲ, ಜಲಾಂತರ್ಗಾಮಿಗಳೇ ಬೇಕು ಎಂದು ಬರೆದ. 1917ರ ಫೆಬ್ರವರಿ 1ರಿಂದ ಎಚ್ಚರಿಕೆ ಇಲ್ಲದೆ ಮುಳುಗಿಸುವ ಯುದ್ಧ ಶುರುವಾಯಿತು. ಏಪ್ರಿಲ್ ಒಂದೇ ತಿಂಗಳಲ್ಲಿ ಎಂಟೂವರೆ ಲಕ್ಷ ಟನ್‌ನಷ್ಟು ವ್ಯಾಪಾರಿ ಹಡಗುಗಳು ಮುಳುಗಿದವು. ಆಗ ಬ್ರಿಟಿಷರಿಗೆ ಬೇಕಾಗಿದ್ದದ್ದು ಡಿಸ್ಟ್ರಾಯರ್‌ಗಳು. ಅವುಗಳಲ್ಲಿ ದೊಡ್ಡ ಭಾಗ ಸ್ಕಾಪಾ ಫ್ಲೋದಲ್ಲಿ ಯುದ್ಧನೌಕೆಗಳ ಕಾವಲಿಗೆ ಕಟ್ಟಿಬಿದ್ದಿದ್ದವು, ಶೇರ್ ಮತ್ತೆ ಬರಬಹುದು ಅಂತ. ಅವನ ಪಡೆ ಇಲ್ಲದಿದ್ದರೆ ಅವನ್ನೆಲ್ಲ ವ್ಯಾಪಾರಿ ಹಡಗುಗಳ ರಕ್ಷಣೆಗೆ ಕಳಿಸಬಹುದಿತ್ತು. ಜರ್ಮನ್ ಬಂದರುಗಳ ಬಾಯಲ್ಲೇ ಮೈನ್ ಹಾಕಬಹುದಿತ್ತು. ಅವನ್ನು ತೆಗೆಯಲು ಬರುವ ಹಡಗುಗಳಿಗೆ ಕಾವಲು ಕೊಡುವವರು ಇರುತ್ತಿರಲಿಲ್ಲ.

ಹಾಗಾಗಿ ಮುಂದಿನ ಸಲ ಆಡುವಾಗ ಕವಚವನ್ನು ಇದ್ದ ಹಾಗೇ ಬಿಡಿ. 9 ಇಂಚೇ ಇರಲಿ. ಆಟದಲ್ಲಿ ಅವಕಾಶ ಇದ್ದರೆ ಮದ್ದಿನ ಮನೆ ಸಿಡಿಯುವ ಸಾಧ್ಯತೆಯನ್ನು ಎರಡೂ ಕಡೆಗೆ ಸಮ ಮಾಡಿ ಒಮ್ಮೆ ಆಡಿ. ಆಮೇಲೆ ಬ್ರಿಟಿಷ್ ಗುಂಡಿಗೆ 1918ರ ಗುಣ ಕೊಟ್ಟು ಇನ್ನೊಮ್ಮೆ. ಕೊನೆಗೆ ಬಾರ್ಹಮ್ ಮತ್ತು ಜೊತೆಯ ಮೂರು ಹಡಗನ್ನು ಲಯನ್‌ನ ಹಿಂದೆ ಎರಡು ಮೈಲಿಯಲ್ಲಿ ನಿಲ್ಲಿಸಿ ಮತ್ತೊಮ್ಮೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಇಲ್ಲದಿದ್ದರೆ ಯಾವುದರಿಂದ ಏನಾಯಿತು ತಿಳಿಯುವುದಿಲ್ಲ. ಪ್ರತಿ ಸಲವೂ ಸೈಡ್ಲಿಟ್ಸ್ ಏನಾಯಿತು ಅಂತ ಬರೆದಿಟ್ಟುಕೊಳ್ಳಿ.